ಭೀಮೆಯ ಆಚೆಯ ಅಭಯಾರಣ್ಯವೂ ನಮ್ಮ ಗಾಯರಾಣಗಳೂ

ಅಭಯಾರಣ್ಯವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣಮುಂದೆ ಸುಳಿಯುವುದು ಮಲೆನಾಡಿನ ದಟ್ಟ ಕಾನನ, ಬಂಡೀಪುರದ ಹುಲಿ, ನಾಗರಹೊಳೆಯ ಆನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಮಾತು ಪರದೇಶದ ಸುದ್ದಿಯಂತೆ ತೋರಿದರೆ ಆಶ್ಚರ್ಯವಿಲ್ಲ. ಮೈಲುಗಟ್ಟಲೆ ನಡೆದರೂ ಮರದ ನೆರಳು ಸಿಗದ ನಾಡು ನಮ್ಮದು. ಇಲ್ಲಿ ಕಾಡೆಲ್ಲಿ, ಕಾಡಿಗಾಗಿ ಜಗಳವೆಲ್ಲಿ ಎಂದು ಯಾರಾದರೂ ಕೇಳಬಹುದು.

ಆದರೆ ಇತಿಹಾಸವನ್ನು ಅವಲೋಕಿಸಿದಾಗ ಬೇರೊಂದು ಸಂಗತಿ ಗೋಚರವಾಗುತ್ತದೆ. ಪ್ರಕೃತಿ ಸಂರಕ್ಷಣೆಗೂ ಜನಜೀವನಕ್ಕೂ ನಡುವೆ ನಡೆದ ಒಂದು ದೀರ್ಘ ಘರ್ಷಣೆಯು ನಮ್ಮ ಮಗ್ಗುಲಲ್ಲಿಯೇ, ಭೀಮಾನದಿಯ ಆಚೆ ದಡದಲ್ಲಿ, ನಮ್ಮಂಥದೇ ಬಯಲಿನಲ್ಲಿ ನಡೆದಿದೆ. ಅಲ್ಲಿ ಕಾಯಬೇಕಾಗಿದ್ದುದು ಕಾಡನ್ನಲ್ಲ, ಹುಲ್ಲನ್ನು; ಹುಲಿಯನ್ನಲ್ಲ, ಒಂದು ಹಕ್ಕಿಯನ್ನು. ಮೂವತ್ತಕ್ಕೂ ಹೆಚ್ಚು ವರ್ಷ ನಡೆದ ಆ ಪ್ರಯತ್ನದ ಕೊನೆಗೆ ಹಕ್ಕಿ ಉಳಿಯಲಿಲ್ಲ, ಜನರ ಮನಸ್ಸೂ ಗೆಲ್ಲಲ್ಪಡಲಿಲ್ಲ. ಹೀಗಾದುದೇಕೆ ಎಂಬುದನ್ನು ಸದ್ಭಕ್ತರೂ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳೂ ಶಾಂತಚಿತ್ತದಿಂದ ಆಲೋಚಿಸಬೇಕೆಂಬುದು ಈ ಲೇಖನದ ಉದ್ದೇಶ.

ಒಂದೇ ನೆಲ, ಎರಡು ದಡ

ಭೀಮೆಯ ಉತ್ತರದ ಸೊಲ್ಲಾಪುರವೂ ದಕ್ಷಿಣದ ನಮ್ಮ ಸೀಮೆಯೂ ಇಂದು ಎರಡು ರಾಜ್ಯಗಳಿಗೆ ಸೇರಿವೆಯಾದರೂ ನೆಲದ ಗುಣದಿಂದಲೂ ಚರಿತ್ರೆಯಿಂದಲೂ ಅವು ಒಂದೇ. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಆರಂಭದ ಕಾಯಕಭೂಮಿ ಮಂಗಳವಾಡ. ಕೆರೆ ಕಟ್ಟಿಸಿ ಲೋಕೋಪಕಾರವನ್ನೇ ಯೋಗವಾಗಿಸಿಕೊಂಡ ಸಿದ್ಧರಾಮೇಶ್ವರರ ಕ್ಷೇತ್ರ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ. ಆಂಗ್ಲರ ಆಳ್ವಿಕೆಯಲ್ಲಿಯೂ 1864ರಲ್ಲಿ ಕಲಾದಗಿ ಜಿಲ್ಲೆ ರಚನೆಯಾಗುವವರೆಗೆ ಕೃಷ್ಣೆಯ ಉತ್ತರಕ್ಕಿರುವ ನಮ್ಮ ಸೀಮೆ ಸೊಲ್ಲಾಪುರದ ಕಲೆಕ್ಟರರ ಅಧೀನದಲ್ಲಿತ್ತು. ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ ಬಂದುದು 1885ರಲ್ಲಿ.

ಈ ನೆಲದಲ್ಲಿ ಮೂರು ಬಗೆಯ ಭೂಮಿಗಳನ್ನು ನಮ್ಮ ಒಕ್ಕಲಿಗರು ಗುರುತಿಸುತ್ತಾರೆ. ಡೋಣಿಯ ಎರಡೂ ಮಗ್ಗುಲಿಗೆ ಹಬ್ಬಿದ ಎರೆ ಭೂಮಿ ಬಿಳಿಜೋಳಕ್ಕೂ ಕಡಲೆಗೂ ತವರು. ಮಸಾರಿ ಭೂಮಿ ಸಜ್ಜೆ, ತೊಗರಿಗಳಿಗೆ ಒಗ್ಗುವಂಥದು. ಮೂರನೆಯದು ಮಡ್ಡಿ. ಕಲ್ಲು ಗರಸಿನ ಈ ಎತ್ತರದ ನೆಲದಲ್ಲಿ ನೇಗಿಲು ಇಳಿಯದು; ಆದರೆ ಮಳೆ ಬಿದ್ದ ಹದಿನೈದು ದಿನಗಳಲ್ಲಿ ಅಲ್ಲಿ ಹುಲ್ಲು ಚಿಗುರುತ್ತದೆ. ಎರೆ ಭೂಮಿ ಮನುಷ್ಯನಿಗೆ ಅನ್ನವಿಟ್ಟರೆ ಮಡ್ಡಿಯು ದನಕರುಗಳಿಗೂ ಕುರಿಗಳಿಗೂ ಮೇವು ಕೊಟ್ಟಿತು. ಊರಿನ ಗಾಯರಾಣಗಳು ಬಹುಮಟ್ಟಿಗೆ ಇಂಥ ಮಡ್ಡಿಗಳಲ್ಲಿಯೇ ಇದ್ದವು. ಗಾಯರಾಣವು ಯಾರೊಬ್ಬರ ಆಸ್ತಿಯೂ ಅಲ್ಲ, ಹೇಳುವವರು ಕೇಳುವವರು ಇಲ್ಲದ ನೆಲವೂ ಅಲ್ಲ. ಯಾವ ಕಾಲದಲ್ಲಿ ದನ ಬಿಡಬೇಕು, ಪರವೂರಿನ ಹಿಂಡು ಎಷ್ಟು ದಿನ ತಂಗಬಹುದು ಎಂಬುದಕ್ಕೆ ಊರಿನ ಹಿರಿಯರ ಕಟ್ಟಳೆಯಿತ್ತು. ಸುಗ್ಗಿ ಮುಗಿದ ಬಳಿಕ ಕುರಿಗಾರರು ಹಿಂಡನ್ನು ರಾತ್ರಿ ರೈತನ ಹೊಲದಲ್ಲಿ ತರುಬಿ ಗೊಬ್ಬರ ಕೊಡುತ್ತಿದ್ದರು. ರೈತನು ಅವರಿಗೆ ಕಾಳು ಕೊಡುತ್ತಿದ್ದನು. ಹೀಗೆ ಹೊಲವೂ ಹುಲ್ಲೂ ಒಂದನ್ನೊಂದು ಪೋಷಿಸಿದವು.

ಕುರಿ ಕಾಯುವ ಕಾಯಕವು ನಮ್ಮ ಪರಂಪರೆಯಲ್ಲಿ ಎಂದೂ ಕೀಳೆನಿಸಿದುದಲ್ಲ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿ ಶಿವನೊಲುಮೆಗೆ ಪಾತ್ರನಾದ ವೀರಗೊಲ್ಲಾಳನ ಕಥೆಯನ್ನು ಅರಿಯದ ಭಕ್ತರು ವಿರಳ. ಆ ಶರಣನ ಹೆಸರಿನ ಗೊಲ್ಲಾಳೇಶ್ವರ ಕ್ಷೇತ್ರವಾದ ಗೋಲಗೇರಿಯು ಸಿಂದಗಿಯ ಸೀಮೆಯಲ್ಲಿಯೇ ಇದೆ. ಹುಲ್ಲುಗಾವಲಿನ ಮಧ್ಯದಲ್ಲಿ ಶಿವನನ್ನು ಕಂಡ ನೆಲ ಇದು ಎಂಬುದನ್ನು ನಾವು ನೆನಪಿಡಬೇಕು.

ಹುಲ್ಲಿನ ನೆಲ ‘ಪಾಳು’ ಆದ ಬಗೆ

ಬರಗಾಲವು ಈ ಸೀಮೆಗೆ ಹೊಸದಲ್ಲ. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಕಲಾದಗಿ ಜಿಲ್ಲೆ ಅನುಭವಿಸಿದ ಹಾನಿ ಅಪಾರ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಗ್ಗಿತು. ಮಳೆ ಕೈಕೊಟ್ಟ ಸಾಧಾರಣ ವರ್ಷಗಳಲ್ಲಿ ಊರನ್ನು ಉಳಿಸುತ್ತಿದ್ದುದು ಮಡ್ಡಿಯ ಹುಲ್ಲು. ಪೈರು ಹೋದರೂ ಜಾನುವಾರು ಉಳಿದರೆ ಮುಂದಿನ ಮುಂಗಾರಿಗೆ ಬಿತ್ತಿಗೆ ಸಾಧ್ಯ. ಎತ್ತು ಸತ್ತ ಮನೆಗೆ ಮಳೆ ಬಂದರೂ ಫಲವಿಲ್ಲ.

ಆಂಗ್ಲರ ಕಂದಾಯ ಮೋಜಣಿಯು ಈ ನೆಲವನ್ನು ಬೇರೊಂದು ಕಣ್ಣಿನಿಂದ ನೋಡಿತು. ಕಂದಾಯ ಕೊಡುವ ಭೂಮಿ ಸಾಗುವಳಿಯ ಭೂಮಿ, ಕೊಡದಿರುವುದು ಪಾಳು ಭೂಮಿ ಎಂಬುದು ಅದರ ಲೆಕ್ಕ. ಗಾಯರಾಣಕ್ಕೆ ದಫ್ತರಿನಲ್ಲಿ ಒಂದು ನಂಬರು ಸಿಕ್ಕಿತಾದರೂ ಅದರ ಒಡೆತನ ಸರಕಾರದ್ದಾಯಿತು; ಊರಿಗೆ ಉಳಿದುದು ಸರಕಾರ ಕೊಟ್ಟಷ್ಟು ಅನುಮತಿ ಮಾತ್ರ. 1878ರ ಅರಣ್ಯ ಕಾಯಿದೆಯ ತರುವಾಯ ಮರವಿದ್ದ ಕಡೆ ಅರಣ್ಯ ಇಲಾಖೆ ಬೇಲಿ ಹಾಕಿತು. ಮೇವಿಗೂ ಸೌದೆಗೂ ಶುಲ್ಕ ತೆರಬೇಕಾದ ಜನರ ಸಂಕಟವು 1930ರ ಅರಣ್ಯ ಸತ್ಯಾಗ್ರಹದಲ್ಲಿ ಉತ್ತರ ಕನ್ನಡ ಮೊದಲಾದೆಡೆ ಪ್ರಕಟವಾಯಿತು. ನಮ್ಮ ಬಯಲಿನಲ್ಲಿ ಕಾಡಿರಲಿಲ್ಲವಾದ್ದರಿಂದ ಇಲ್ಲಿ ಅಂಥ ಬೇಲಿ ಬರಲಿಲ್ಲ. ಆದರೆ ‘ಪಾಳು’ ಎಂಬ ಹಣೆಪಟ್ಟಿ ಉಳಿಯಿತು. ಸ್ವಾತಂತ್ರ್ಯಾನಂತರವೂ ಪಾಳು ಭೂಮಿಯೆಂದರೆ ಯಾರಿಗಾದರೂ ಹಂಚಬಹುದಾದ, ಯಾವುದಕ್ಕಾದರೂ ಬಳಸಬಹುದಾದ ಭೂಮಿ ಎಂಬ ಭಾವನೆ ಅಳಿಯಲಿಲ್ಲ. ಹುಲ್ಲುಗಾವಲಿಗೆ ಒದಗಿದ ಮೊದಲ ಪೆಟ್ಟು ಇದು. ಎರಡನೆಯದು ಬಂದುದು ಸಂರಕ್ಷಣೆಯ ಹೆಸರಿನಲ್ಲಿ.

ಎರೆಯ ಹಕ್ಕಿ

ಈ ಬಯಲಿನ ಸಹಜ ನಿವಾಸಿಗಳು ಕೃಷ್ಣಮೃಗ, ತೋಳ, ನರಿ. ಇವುಗಳೊಂದಿಗೆ ಒಂದು ಮಹಾಪಕ್ಷಿ. ಕನ್ನಡದಲ್ಲಿ ಅದಕ್ಕೆ ಎರ್ಲಡ್ಡು, ಎರೆಭೂತ, ಹೆಬ್ಬಕ ಎಂದು ಹಲವು ಹೆಸರುಗಳಿವೆ. ಮರಾಠಿಯಲ್ಲಿ ಮಾಳಢೋಕ ಎನ್ನುತ್ತಾರೆ. ಸುಮಾರು ಒಂದು ಮೀಟರ್ ಎತ್ತರ. ಗಂಡುಹಕ್ಕಿಯ ತೂಕ ಹದಿನೈದು ಕಿಲೋಗ್ರಾಂ ತಲುಪುವುದುಂಟು. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಇದೂ ಒಂದು. ಮಿಡತೆ, ಹುಳು, ಓತಿ, ಕಾಳು ಇದರ ಆಹಾರ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಪೈರಿಗೆ ಮುತ್ತುವ ಮಿಡತೆಯನ್ನು ತಿನ್ನುವ ಹಕ್ಕಿಯಾದುದರಿಂದ ರೈತನಿಗೂ ಅದಕ್ಕೂ ಮೂಲತಃ ವೈರವಿರಲಿಲ್ಲ. ಅದನ್ನು ಹೊಸಕಿದುದು ಮೊದಲು ಬಂದೂಕಿನ ಬೇಟೆ, ಆಮೇಲೆ ಹುಲ್ಲುಗಾವಲಿನ ನಾಶ. ರಾಷ್ಟ್ರಪಕ್ಷಿಯ ಆಯ್ಕೆಯ ಚರ್ಚೆ ನಡೆದಾಗ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಈ ಹಕ್ಕಿಯ ಪರವಾಗಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. 1969ರ ಸುಮಾರಿಗೆ ದೇಶದಲ್ಲಿ ಉಳಿದಿದ್ದ ಎರ್ಲಡ್ಡುಗಳ ಅಂದಾಜು ಸಂಖ್ಯೆ 1,260.

ಸೊಲ್ಲಾಪುರದಿಂದ ಬಾರ್ಶಿಗೆ ಹೋಗುವ ದಾರಿಯಲ್ಲಿರುವ ನಾನ್ನಜ ಗ್ರಾಮದ ಮಾಳದಲ್ಲಿ ಈ ಹಕ್ಕಿ ಇರುವುದನ್ನು 1972ರಲ್ಲಿ ಸೊಲ್ಲಾಪುರದ ಪಕ್ಷಿಪ್ರೇಮಿ ಬಿ. ಎಸ್. ಕುಲಕರ್ಣಿಯವರು ಗುರುತಿಸಿ ಲೋಕದ ಗಮನಕ್ಕೆ ತಂದರು. ವನ್ಯಜೀವಿ ಸಂರಕ್ಷಣಾ ಕಾಯಿದೆ ಅಂಗೀಕಾರವಾದುದೂ ಅದೇ 1972ರಲ್ಲಿ. ಬರಪೀಡಿತ ಪ್ರದೇಶಗಳ ಅಭಿವೃದ್ಧಿ ಯೋಜನೆಯಡಿ ನಾನ್ನಜದ ಸುತ್ತ ಕೆಲವು ತುಂಡು ಭೂಮಿಗಳಿಗೆ ರಕ್ಷಣೆ ಕೊಟ್ಟು ಹುಲ್ಲು ಬೆಳೆಸಲಾಯಿತು. ಹುಲ್ಲು ಬೆಳೆದಲ್ಲಿ ಹಕ್ಕಿ ನೆಲೆನಿಂತು ಮರಿ ಮಾಡಿತು. ಅಲ್ಪ ಪ್ರಮಾಣದ ಈ ಕಾರ್ಯ ಸಫಲವಾಯಿತೆಂಬುದನ್ನು ಮರೆಯದೆ ಹೇಳಬೇಕು. ಸಂರಕ್ಷಣೆಯೇ ತಪ್ಪೆಂದು ವಾದಿಸುವುದು ಈ ಲೇಖನದ ಆಶಯವಲ್ಲ.

ನಕ್ಷೆಯ ಮೇಲಿನ ಗೆರೆ

ತಪ್ಪಿದುದು ಮುಂದಿನ ಹೆಜ್ಜೆಯಲ್ಲಿ. 1979ರಲ್ಲಿ ಮಹಾರಾಷ್ಟ್ರ ಸರಕಾರವು ಸೊಲ್ಲಾಪುರ ಹಾಗೂ ಅಂದಿನ ಅಹಮದನಗರ ಜಿಲ್ಲೆಗಳಲ್ಲಿ ಎರ್ಲಡ್ಡುವಿಗಾಗಿ ಒಂದು ಅಭಯಾರಣ್ಯವನ್ನು ಘೋಷಿಸಿತು. ಅದರ ವಿಸ್ತೀರ್ಣ 8,496 ಚದರ ಕಿಲೋಮೀಟರ್! ಈ ಅಂಕೆಯ ಅರ್ಥ ಓದುಗರಿಗೆ ಮನದಟ್ಟಾಗಬೇಕಾದರೆ ನಮ್ಮ ಜಿಲ್ಲೆಯೊಂದಿಗೆ ಹೋಲಿಸಿ ನೋಡಬೇಕು. ಇಂದಿನ ವಿಜಯಪುರ ಜಿಲ್ಲೆಯ ಒಟ್ಟು ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳನ್ನು ಕೂಡಿಸಿದರೂ ಆ ಅಭಯಾರಣ್ಯದಷ್ಟು ಆಗದು. ನಾಲ್ಕು ತಾಲ್ಲೂಕುಗಳ ಊರುಕೇರಿ, ಹೊಲಮನೆ, ಸಂತೆಪೇಟೆ, ಗುಡಿಮಠಗಳೆಲ್ಲವೂ ಒಂದು ದಿನ ಒಂದು ಹಕ್ಕಿಯ ಅಭಯಾರಣ್ಯವಾದುವೆಂದು ರಾಜಪತ್ರದಲ್ಲಿ ಪ್ರಕಟವಾದರೆ ನಮ್ಮ ರೈತರ ಸ್ಥಿತಿ ಏನಾದೀತು? ಭೀಮೆಯ ಆಚೆ ಆದುದು ಅದೇ.

ಆ ಗೆರೆಯೊಳಗಿನ ಬಹುಭಾಗ ಸರಕಾರದ ನೆಲವಾಗಿರಲಿಲ್ಲ. ತಲೆಮಾರುಗಳಿಂದ ಉಳುತ್ತ ಬಂದ ರೈತರ ಸ್ವಂತ ಹೊಲಗಳಾಗಿದ್ದವು. ಕಾಯಿದೆಯ ಪ್ರಕಾರ ಅಭಯಾರಣ್ಯ ಮಾಡುವ ಇಚ್ಛೆಯನ್ನು ಸರಕಾರ ಪ್ರಕಟಿಸಿದ ಮೇಲೆ ಕಲೆಕ್ಟರರು ಅಲ್ಲಿನ ಜನರ ಹಕ್ಕುಗಳನ್ನು ವಿಚಾರಿಸಿ, ಒಪ್ಪತಕ್ಕವನ್ನು ಒಪ್ಪಿ, ಕೊಳ್ಳತಕ್ಕವಕ್ಕೆ ಪರಿಹಾರ ಕೊಟ್ಟು ತೀರ್ಮಾನಿಸಬೇಕು. ಆ ವಿಚಾರಣೆ ಮುಗಿಯುವವರೆಗೆ ವಾರಸಿಕೆಯಿಂದಲೋ ಮೃತ್ಯುಪತ್ರದಿಂದಲೋ ಹೊರತು ಯಾರಿಗೂ ಆ ನೆಲದಲ್ಲಿ ಹೊಸ ಹಕ್ಕು ಹುಟ್ಟಲಾರದು. ನಿಯಮದ ಉದ್ದೇಶ ನ್ಯಾಯವಾದುದೇ. ಆದರೆ ವಿಚಾರಣೆಯೇ ದಶಕಗಳವರೆಗೆ ನಿಂತುಹೋದರೆ? ಆಗ ತಾತ್ಕಾಲಿಕ ನಿರ್ಬಂಧವೇ ಶಾಶ್ವತ ಬಂಧನವಾಗುತ್ತದೆ. ಮಗಳ ಮದುವೆಗೋ ಮನೆಯವರ ಔಷಧೋಪಚಾರಕ್ಕೋ ಎರಡೆಕರೆ ಮಾರಬೇಕಾದ ರೈತನಿಗೆ ಆ ನಿರ್ಬಂಧವೇ ಅಡ್ಡಿ. ಕಾರಖಾನೆಗೆ ಅಡ್ಡಿ, ಗಣಿಗೆ ಅಡ್ಡಿ. ಇಷ್ಟಕ್ಕೂ ಕಾರಣ ಒಂದು ಹಕ್ಕಿ. ಅದನ್ನು ಆ ರೈತರಲ್ಲಿ ಅನೇಕರು ಕಣ್ಣಾರೆ ಕಂಡವರೂ ಅಲ್ಲ.

ಮೇಲಾಗಿ ಹುಲ್ಲು ಚಿಗುರಿದ ರಕ್ಷಿತ ತುಂಡುಗಳೊಳಗೆ ಕುರಿಗಾರರಿಗೆ ಪ್ರವೇಶ ತಪ್ಪಿತು. ಕೃಷ್ಣಮೃಗಗಳು ಹೆಚ್ಚಿ ಪೈರಿಗೆ ನುಗ್ಗಿದವು. ತೋಳಗಳು ಹಿಂಡಿನ ಕುರಿಮರಿಗಳನ್ನು ಒಯ್ದವು. ಕಾಯಿದೆಯ ರಕ್ಷಣೆಯಲ್ಲಿದ್ದ ಈ ಪ್ರಾಣಿಗಳ ಮೇಲೆ ಕೈಯೆತ್ತುವಂತಿರಲಿಲ್ಲ. ನಷ್ಟ ಹಳ್ಳಿಯವನದು, ಕೀರ್ತಿ ಪಟ್ಟಣದವನದು ಎಂಬ ಭಾವನೆ ಬೆಳೆದುದು ಸಹಜ. ಮಿಡತೆ ತಿಂದು ರೈತನಿಗೆ ನೆರವಾಗುತ್ತಿದ್ದ ಹಕ್ಕಿಯ ಹೆಸರೇ ರೈತನಿಗೆ ಬೇಡವಾಯಿತು.

ಇತ್ತ ಹಕ್ಕಿಗಾದರೂ ಒಳಿತಾಯಿತೇ? ಅದೂ ಇಲ್ಲ. ಗೆರೆ ಕಾಗದದ ಮೇಲಿತ್ತು. ನೆಲದ ಮೇಲೆ ಎಲ್ಲವೂ ಬದಲಾಗುತ್ತಿತ್ತು. ಭೀಮೆಗೆ ಉಜನಿಯಲ್ಲಿ ಅಣೆಕಟ್ಟಾಗಿ ಕಾಲುವೆ ನೀರು ಹರಿಯಿತು. ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು, ದ್ರಾಕ್ಷಿಯ ತೋಟಗಳೆದ್ದವು. ಎಂಟು ಸಾವಿರ ಚದರ ಕಿಲೋಮೀಟರನ್ನು ಕಾಯುವಷ್ಟು ಸಿಬ್ಬಂದಿ ಯಾವ ಇಲಾಖೆಗೂ ಇರಲಾರದು. ಎಲ್ಲವನ್ನೂ ಕಾಯುತ್ತೇವೆಂದವರು ಕಾಯಲೇಬೇಕಾದ ಮಾಳಗಳನ್ನೂ ಪೂರ್ಣವಾಗಿ ಕಾಯದಾದರು.

1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಭಯಾರಣ್ಯಗಳೊಳಗಿನ ಹಕ್ಕುಗಳ ವಿಚಾರಣೆಯನ್ನು ಒಂದು ವರ್ಷದೊಳಗೆ ಮುಗಿಸಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. 2000ದ ನವೆಂಬರಿನಲ್ಲಿ ತನ್ನ ಅನುಮತಿಯಿಲ್ಲದೆ ಯಾವ ಅಭಯಾರಣ್ಯವನ್ನೂ ರದ್ದುಗೊಳಿಸಕೂಡದೆಂದು ಕಟ್ಟುಮಾಡಿತು. ಹೀಗಾಗಿ ತಪ್ಪು ಗೆರೆಯನ್ನು ತಿದ್ದುವುದೂ ಸುಲಭವಾಗಲಿಲ್ಲ. ಕೊನೆಗೆ 2012ರಲ್ಲಿ ಅಭಯಾರಣ್ಯದ ವಿಸ್ತೀರ್ಣ 1,222 ಚದರ ಕಿಲೋಮೀಟರಿಗೆ ಇಳಿಯಿತು. ಏಳರಲ್ಲಿ ಆರು ಪಾಲು ನೆಲವನ್ನು ಕೈಬಿಡಲಾಯಿತು. ಅಷ್ಟರಲ್ಲಿ ಮೂವತ್ತಮೂರು ವರ್ಷಗಳು ಸಂದಿದ್ದವು. ಸೊಲ್ಲಾಪುರದ ಮಾಳಗಳಲ್ಲಿ ಎರ್ಲಡ್ಡುಗಳು ಬೆರಳೆಣಿಕೆಗೆ ಬಂದಿದ್ದವು. ಅದಕ್ಕೂ ಒಂದು ವರ್ಷ ಮೊದಲು, 2011ರಲ್ಲಿ, ವಿಶ್ವ ಸಂರಕ್ಷಣಾ ಸಂಸ್ಥೆಯು ಈ ಹಕ್ಕಿಯನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಿತ್ತು. ಇಂದು ಇಡೀ ದೇಶದಲ್ಲಿ ಸ್ವತಂತ್ರವಾಗಿ ಹಾರಾಡುವ ಎರ್ಲಡ್ಡುಗಳು ನೂರೈವತ್ತನ್ನೂ ಮೀರಲಾರವು; ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ.

ಇನ್ನೆರಡು ಉದಾಹರಣೆಗಳು

ಇದು ಸೊಲ್ಲಾಪುರವೊಂದರ ದುರ್ದೈವವೇ ಎಂದು ಕೇಳಿದರೆ ಅಲ್ಲವೆನ್ನಬೇಕಾಗುತ್ತದೆ. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಕರೇರಾದಲ್ಲಿ 1981ರಲ್ಲಿ ಇದೇ ಹಕ್ಕಿಗಾಗಿ 202 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಅಲ್ಲಿಯೂ ರೈತರ ಭೂಮಿಯ ಮಾರಾಟಕ್ಕೆ ತಡೆ, ಅಲ್ಲಿಯೂ ಕೃಷ್ಣಮೃಗಗಳಿಂದ ಪೈರಿಗೆ ಹಾನಿ, ಅಲ್ಲಿಯೂ ಜನರ ಆಕ್ರೋಶ. 1990ರ ದಶಕದಲ್ಲಿ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಹಕ್ಕಿ ಹೋದ ಮೇಲೂ ನಿರ್ಬಂಧ ಬಹುಕಾಲ ಉಳಿಯಿತು.

ನಮ್ಮ ಕರ್ನಾಟಕದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಎರ್ಲಡ್ಡುವೂ ಅಲ್ಲಿ ವಾಸವಾಗಿತ್ತು. ಆದರೆ ಹುಲ್ಲುಗಾವಲನ್ನು ಪಾಳೆಂದು ಬಗೆದು ಅಲ್ಲಿ ವಿಸ್ತಾರವಾಗಿ ನೀಲಗಿರಿ ನೆಡಲಾಗಿತ್ತು. ಬಯಲಿನ ಹಕ್ಕಿಗೆ ನೀಲಗಿರಿಯ ತೋಪು ಮನೆಯಾಗಲಾರದು; ಎರ್ಲಡ್ಡು ಅಲ್ಲಿಂದಲೂ ಮಾಯವಾಯಿತು. ಹೆಚ್ಚಿದ ಕೃಷ್ಣಮೃಗಗಳು ಸುತ್ತಲಿನ ರೈತರ ಹೊಲಗಳಿಗೆ ಇಳಿದವು. ಒಂದೆಡೆ ಜನರ ಹಕ್ಕನ್ನು ಗಣಿಸದ ಗೆರೆ, ಇನ್ನೊಂದೆಡೆ ನೆಲದ ಗುಣವನ್ನರಿಯದ ಗಿಡ. ಎರಡರ ಪರಿಣಾಮವೂ ಒಂದೇ ಆಯಿತು.

ಜನರೇ ಕೇಳಿದ ರಕ್ಷಣೆ

ಹಾಗಾದರೆ ಜನರಿಗೂ ಸಂರಕ್ಷಣೆಗೂ ಎಂದೂ ಹೊಂದಿಕೆಯಿಲ್ಲವೇ? ಉಂಟು. ಅದರ ನಿದರ್ಶನ ನಮ್ಮ ಕಾಲದಲ್ಲಿಯೇ, ನಮ್ಮದೇ ಮಠಪರಂಪರೆಯ ಮುಂದಾಳ್ತನದಲ್ಲಿ ದೊರೆತಿದೆ. ಗದಗ ಜಿಲ್ಲೆಯ ಕಪ್ಪತಗುಡ್ಡವು ಔಷಧಿಯ ಸಸ್ಯಗಳಿಗೂ ಖನಿಜಗಳಿಗೂ ಹೆಸರಾದುದು. 2015ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರಕಾರ 2016ರಲ್ಲಿ ಆ ಘೋಷಣೆಯನ್ನು ಹಿಂದೆಗೆದುಕೊಂಡಿತು. ಆಗ ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳ ಹಾಗೂ ಗುಡ್ಡದ ಮಡಿಲಿನ ನಂದಿವೇರಿ ಮಠದ ಪೂಜ್ಯರ ನೇತೃತ್ವದಲ್ಲಿ ಜನರು ಚಳವಳಿ ಹೂಡಿದರು. 2017ರ ಫೆಬ್ರುವರಿಯಲ್ಲಿ ಗದುಗಿನಲ್ಲಿ ಧರಣಿ ನಡೆಯಿತು. ಅದೇ ವರ್ಷ ಮೀಸಲು ಸ್ಥಾನ ಮರಳಿ ದೊರೆಯಿತು. 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶವು ವನ್ಯಜೀವಿಧಾಮವಾಯಿತು. 2018ರಲ್ಲಿ ಲಿಂಗೈಕ್ಯರಾದ ಪೂಜ್ಯರು ಆ ದಿನವನ್ನು ಕಾಣಲಿಲ್ಲ.

ನಾನ್ನಜದಲ್ಲಿ ರಕ್ಷಣೆ ಮೇಲಿನಿಂದ ಇಳಿಯಿತು. ಕಪ್ಪತಗುಡ್ಡದಲ್ಲಿ ಕೆಳಗಿನಿಂದ ಎದ್ದಿತು. ಮೊದಲನೆಯದರಲ್ಲಿ ಜನರು ಹೊರಗಿನವರಾದರು, ಎರಡನೆಯದರಲ್ಲಿ ಕಾವಲುಗಾರರಾದರು. ಕಪ್ಪತಗುಡ್ಡದಲ್ಲಿಯೂ ಮುಂದೆ ಕುರಿಗಾರರ, ಕಟ್ಟಿಗೆ ಆಯುವವರ ಹಕ್ಕುಗಳನ್ನು ಸರಕಾರ ಮನ್ನಿಸದಿದ್ದರೆ ಇಂದಿನ ಪ್ರೀತಿ ನಾಳೆ ಮುನಿಸಾಗಬಹುದೆಂಬ ಎಚ್ಚರ ಇರಲೇಬೇಕು.

ನಮ್ಮ ನಾಲ್ಕು ತಾಲ್ಲೂಕುಗಳು

ಈಗ ನಮ್ಮ ಮನೆಯ ಮಾತಿಗೆ ಬರೋಣ. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಕೃಷ್ಣಾ ಯೋಜನೆಯ ನೀರು ಇಂದು ಕಾಲುವೆಗಳ ಮೂಲಕ, ಏತ ನೀರಾವರಿಗಳ ಮೂಲಕ ನಮ್ಮ ಬರದ ಸೀಮೆಗೆ ಬಂದಿದೆ. ಅದಕ್ಕಾಗಿ ಹಳ್ಳಿ ಹಳ್ಳಿಗಳೇ ಮುಳುಗಿದವು. ಆ ತ್ಯಾಗದ ಫಲ ಈ ನೀರು. ನೀರು ಬೇಡವೆನ್ನುವ ಮೂಢತನ ಯಾರಿಗೂ ಇಲ್ಲ. ಆದರೆ ನೀರಿನ ಜೊತೆಗೆ ಮಡ್ಡಿಯ ಮೇಲೂ ನೇಗಿಲು ಹತ್ತಿದೆ. ಯಂತ್ರಗಳು ಕಲ್ಲೊಡೆದು ನೆಲ ಸಮಮಾಡಿವೆ. ಗಾಯರಾಣಗಳು ಒತ್ತುವರಿಯಿಂದಲೂ ಹಂಚಿಕೆಯಿಂದಲೂ ಕರಗಿವೆ. ಮೇಯಲು ನೆಲೆಯಿಲ್ಲದ ಕೃಷ್ಣಮೃಗಗಳು ತೊಗರಿ, ಕಡಲೆಗಳಿಗೆ ಬಾಯಿ ಹಾಕುತ್ತವೆ. ಬಿತ್ತಿದವನ ಹೊಟ್ಟೆ ಉರಿಯುತ್ತದೆ. ಹಿಂಡಿಗೆ ಹುಲ್ಲು ಕಾಣದ ಕುರಿಗಾರರು ದೂರದೂರಕ್ಕೆ ಅಲೆಯುತ್ತಾರೆ.

ಕೃಷ್ಣೆಯ ಆಚೆ ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರಗಳಿಗಾಗಿ ಸುಮಾರು 96 ಚದರ ಕಿಲೋಮೀಟರಿನ ವನ್ಯಜೀವಿಧಾಮವಾಗಿದೆ. ನಾಳೆ ನಮ್ಮಲ್ಲಿಯೂ ಅಂಥ ಆಲೋಚನೆ ಬರಬಹುದು. ಬಂದರೆ ಅದನ್ನು ಕುರುಡಾಗಿ ವಿರೋಧಿಸುವುದೂ ಸಲ್ಲದು, ಕುರುಡಾಗಿ ಸ್ವಾಗತಿಸುವುದೂ ಸಲ್ಲದು. ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಗೆರೆ ಎಳೆಯುವ ಮೊದಲು ಗ್ರಾಮಸಭೆಯನ್ನು ಕೇಳಿದರೇ? ರೈತನ ಮತ್ತು ಕುರಿಗಾರನ ಹಕ್ಕುಗಳ ವಿಚಾರಣೆಯನ್ನು ಗೊತ್ತಾದ ಅವಧಿಯಲ್ಲಿ ಮುಗಿಸುವರೇ? ಪೈರಿನ ಹಾಗೂ ಕುರಿಯ ನಷ್ಟಕ್ಕೆ ಪರಿಹಾರ ಅದೇ ಹಂಗಾಮಿನಲ್ಲಿ ಕೈಸೇರುವುದೇ? ಈ ಮೂರಕ್ಕೂ ಹೌದೆಂಬ ಉತ್ತರ ದೊರೆತಲ್ಲಿ ಪ್ರಾಣಿಯೂ ಉಳಿದೀತು, ಪ್ರಜೆಯೂ ಉಳಿದಾನು.

ಸರಕಾರದ ದಾರಿ ಕಾಯದೆ ನಾವೇ ಮಾಡಬಹುದಾದ ಕೆಲಸವೂ ಇದೆ. ಪ್ರತಿ ಊರಿನಲ್ಲಿ ಉಳಿದಿರುವ ಗಾಯರಾಣದ ಸರ್ವೆ ನಂಬರನ್ನು ಹುಡುಕಿಸಿ, ಅಳತೆ ಮಾಡಿಸಿ, ಅದನ್ನು ಹುಲ್ಲಾಗಿಯೇ ಉಳಿಸಿಕೊಳ್ಳಬೇಕು. ಅಲ್ಲಿ ತೋಪು ಬೆಳೆಸುವ ಉತ್ಸಾಹ ಬೇಡ. ಬಯಲಿಗೆ ಬಯಲೇ ಭೂಷಣ. ಮಠಗಳ ಒಡೆತನದಲ್ಲಿರುವ ಮಡ್ಡಿಗಳಲ್ಲಿ ಒಂದು ಪಾಲನ್ನಾದರೂ ಸರದಿಯ ಮೇಲೆ ಮೇಯುವ ಹುಲ್ಲುಗಾವಲಾಗಿ ಬಿಟ್ಟರೆ ಅದೂ ಒಂದು ದಾಸೋಹವೇ ಸರಿ. ಮಠದ ಪ್ರಸಾದ ನಿಲಯಗಳಲ್ಲಿ ಓದಿ ಇಂದು ಕಂದಾಯ, ಅರಣ್ಯ, ನ್ಯಾಯಾಂಗ, ಶಿಕ್ಷಣ ಕ್ಷೇತ್ರಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಈ ಕಾರ್ಯದಲ್ಲಿ ವಿಶೇಷ ಹೊಣೆಯುಂಟು. ದಫ್ತರಿನಲ್ಲಿ ‘ಪಾಳು’ ಎಂದು ಬರೆದ ನೆಲದ ಮೇಲೆ ಎಷ್ಟು ಜೀವಗಳ ಅನ್ನ ಅಡಗಿದೆಯೆಂಬುದನ್ನು ಅವರು ಬಲ್ಲರು, ಬಲ್ಲವರು ಸುಮ್ಮನಿರಬಾರದು.

ಶರಣರ ದಯಾಧರ್ಮವು ಮೂಕಜೀವಿಯನ್ನೂ ದುಡಿಯುವ ಮನುಷ್ಯನನ್ನೂ ಬೇರ್ಪಡಿಸಿ ನೋಡಿದುದಲ್ಲ. ಒಬ್ಬರ ಅನ್ನ ಕಸಿದು ಇನ್ನೊಬ್ಬರಿಗೆ ಅಭಯವೀಯಲಾಗದು. ಭೀಮೆಯ ಆಚೆಯ ಮೂವತ್ತಮೂರು ವರ್ಷಗಳ ಚರಿತ್ರೆ ನಮಗೆ ಕಲಿಸುವ ಪಾಠ ಇದೊಂದೇ. ಎರ್ಲಡ್ಡು ನಮ್ಮ ಮಾಳಗಳಿಗೆ ಮರಳಿ ಬರುವುದೋ ಇಲ್ಲವೋ, ಅದು ಕೂತು ಎದ್ದ ಹುಲ್ಲಿನ ನೆಲ ಇನ್ನೂ ಅಲ್ಲಲ್ಲಿ ಉಳಿದಿದೆ. ಗೊಲ್ಲಾಳೇಶ್ವರನ ಹಿಂಡು ಮೇಯ್ದ ಆ ನೆಲವನ್ನು ನಮ್ಮ ಮಕ್ಕಳ ಕೈಗೆ ಹುಲ್ಲಿನೊಂದಿಗೆ ಒಪ್ಪಿಸುವ ಸದ್ಬುದ್ಧಿ ನಮಗೆಲ್ಲರಿಗೂ ಬರಲಿ.